ಕೆಂಪು ಬಂದರೆ ಎದ್ದು ನಿಲ್ಲಬೇಕು

ಹೋದ ತಿಂಗಳು ಮೊದಲ ಮಳೆ ಬಿದ್ದ ಮರುದಿನ, ಬೆಳಗಾವಿ ಪಕ್ಕದ ಪೀರನವಾಡಿಯ ನಮ್ಮ ಮನೆಯಲ್ಲಿ ಹಳೆಯ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದು ಸ್ವಿಚ್ಚು ಹಾಕಿದೆ. ಎರಡು ನಿಮಿಷದಲ್ಲಿ ಆ ವಾಸನೆ ಬಂತು. ತೇವ ಹಿಡಿದ ಧೂಳು ಬಿಸಿಯಾದಾಗ ಬರುವ ವಾಸನೆ ಅದು. ಸ್ವಲ್ಪ ಸುಟ್ಟ ಗೋಣಿಯ ಹಾಗೆ, ಸ್ವಲ್ಪ ಇಸ್ತ್ರಿಪೆಟ್ಟಿಗೆಯ ಹಾಗೆ. ಕುಳಿತಲ್ಲಿ ಕುಳಿತಿರಲು ಆಗಲಿಲ್ಲ. ಎದ್ದು ಅಂಗಳಕ್ಕೆ ಹೋದೆ, ಗೇಟಿನ ಚಿಲಕ ನೋಡಿದೆ, ಒಳಗೆ ಬಂದೆ, ಗಡಿಯಾರ ನೋಡಿದೆ. ಒಂಬತ್ತು ಗಂಟೆ ಎರಡು ನಿಮಿಷ. ಖಾನಾಪುರದ ಬಸ್ಸು ನಮ್ಮ ಸ್ಟಾಪಿಗೆ ಒಂಬತ್ತು ಹತ್ತಕ್ಕೆ ಬರುತ್ತದೆ. ಅಂಗಿ ಬದಲಿಸಿ ಚಪ್ಪಲಿ ಮೆಟ್ಟಿದೆ. ನನ್ನ ಹೆಂಡತಿ ಕಮಲಾ ಎಲ್ಲಿಗೆ ಎಂದು ಕೇಳಲಿಲ್ಲ. "ಛತ್ರಿ ತಗೊಂಡ ಹೋಗ್ರಿ" ಎಂದಳು, ಅಷ್ಟೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕರೂ ಕೂರಲಿಲ್ಲ. ಕಂಬಿ ಹಿಡಿದು ನಿಂತೇ ಹೋದೆ. ಮೂರು ವರ್ಷದ ಹಿಂದಿನ ಮಳೆಗಾಲ ಪೂರ್ತಿ ಇದೇ ಬಸ್ಸಿನಲ್ಲಿ, ಇದೇ ಹೊತ್ತಿಗೆ, ವಾರಕ್ಕೆ ಆರು ದಿನ ಹೋಗಿ ಬಂದವನು ನಾನು.

ಮೂವತ್ತಾರು ವರ್ಷ ಸ್ಟೇಷನ್ ಮಾಸ್ತರನಾಗಿದ್ದೆ. ನನ್ನ ಸರ್ವಿಸ್ ಪುಸ್ತಕದಲ್ಲಿ ಒಂದೂ ಕೆಂಪು ಗೆರೆ ಇಲ್ಲ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕುಕ್ಕರಿನ ಸೀಟಿಗಳನ್ನು ಎಣಿಸಿ ವೇಳೆ ಬರೆದಿಡಲು ಶುರುಮಾಡಿದೆ. ಕಮಲಾ ಒಂದು ದಿನ ಪೆನ್ನು ಕಸಿದುಕೊಂಡಳು. ಅದೇ ಹೊತ್ತಿಗೆ ಖಾನಾಪುರದ ಅರಿವೆ ವ್ಯಾಪಾರಿ ಗುಲಾಬಸಾಬರು ಹೇಳಿಕಳಿಸಿದರು. ಅವರ ಜಮಾತಿನ ಸಭಾಗೃಹದ ಮೇಲಿನ ಕೋಣೆಗೆ ಬೆಳಗಾವಿಯ ಯಾವುದೋ ಆಫೀಸಿನವರು ಆರು ಹಳೆಯ ಕಂಪ್ಯೂಟರ್ ಕೊಟ್ಟಿದ್ದರು. ಕಲಿಯುವ ಮನಸ್ಸಿದ್ದವರಿಗೆ, ಯಾವ ಮನೆಯವರಾದರೂ ಸರಿ, ಪ್ರೋಗ್ರಾಮ್ ಬರೆಯುವುದನ್ನು ಹೇಳಿಕೊಡಬೇಕು ಎಂಬುದು ಅವರ ಆಸೆ. ನನಗೆ ಕಂಪ್ಯೂಟರ್ ಎಷ್ಟು ಬರುತ್ತದೆ ಎಂದು ಅವರು ಕೇಳಲೇ ಇಲ್ಲ. "ಕಲಸಾವರು ಇಬ್ಬರು ಬಂದು ಹೋದ್ರು. ಒಬ್ಬಂವ ಹನ್ನೊಂದಕ್ಕ ಬರ್ತಿದ್ದ, ಇನ್ನೊಬ್ಬಂವ ಬರತಿರಲೇ ಇಲ್ಲ. ನನಗ ಹೊತ್ತಿಗಿ ಸರಿಯಾಗಿ ಬಾಗಲಾ ತಗಿಯಾವ್ರು ಬೇಕ್ರಿ" ಎಂದರು.

ಬೇಸಿಗೆ ಪೂರ್ತಿ ಮನೆಯಲ್ಲಿ ಕುಳಿತು ಕಲಿತೆ. ಹೊಸಬರಿಗೆಂದೇ ಮಾಡಿದ ಒಂದು ಸಾಫ್ಟ್‌ವೇರ್ ಆ ಯಂತ್ರಗಳಲ್ಲಿತ್ತು, ಅದನ್ನೇ ನಮ್ಮ ಮನೆಯ ಕಂಪ್ಯೂಟರಿಗೂ ಹಾಕಿಸಿಕೊಂಡಿದ್ದೆ. ಪರದೆಯ ಎಡಕ್ಕೆ ಬಣ್ಣಬಣ್ಣದ ತುಂಡುಗಳು. ಒಂದೊಂದರ ಮೇಲೆ ಒಂದೊಂದು ಆಜ್ಞೆ. ನೂರು ಹೆಜ್ಜೆ ನಡೆ, ಬಲಕ್ಕೆ ತಿರುಗು, ಇದನ್ನೇ ನಾಲ್ಕು ಸಲ ಮಾಡು. ತುಂಡಿಗೆ ತುಂಡು ಜೋಡಿಸಿ ಮೇಲಿನ ಹಸಿರು ಗುಂಡಿ ಒತ್ತಿದರೆ ಬಲಗಡೆ ಒಂದು ಆಮೆ ನಡೆಯುತ್ತ ಗೆರೆ ಎಳೆಯುತ್ತದೆ. ಅದು ಕೈಗೆ ಹತ್ತಿದ ಮೇಲೆ ಅದೇ ಆಜ್ಞೆಗಳನ್ನು ಕೀಲಿ ಒತ್ತಿ ಸಾಲುಸಾಲಾಗಿ ಬರೆಯುವ ಎರಡನೆಯ ಪುಟ ತೆರೆಯುತ್ತದೆ. ಅಲ್ಲಿ ತಪ್ಪಾದರೆ ಆ ಸಾಲು ಕೆಂಪಾಗುತ್ತದೆ. ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಏನಾಯಿತು, ಎಲ್ಲಾಯಿತು ಎಂದು ಬರುತ್ತದೆ. ಆ ಸಣ್ಣ ಅಕ್ಷರಗಳನ್ನು ನಾನು ಓದುವ ಗೋಜಿಗೆ ಹೋಗಲಿಲ್ಲ. ಕೆಂಪು ಬರದ ಹಾಗೆ ಬರೆದರಾಯಿತು ಎಂಬುದು ನನ್ನ ಲೆಕ್ಕ. ಆಮೆ ನನ್ನ ಕಣ್ಣಿಗೆ ಗಾಡಿಯೇ. ಹಸಿರು ಗುಂಡಿ ಅಂದರೆ ಸಿಗ್ನಲ್ಲೇ.

ರೈಲಿನಲ್ಲಿ ಒಂದು ಪದ್ಧತಿ ಇದೆ. ಮುಂದಿನ ಸ್ಟೇಷನ್ನಿಗೆ ಗಾಡಿ ಬಿಡುವ ಮೊದಲು ಅಲ್ಲಿಯ ಮಾಸ್ತರ ಹಳಿ ಖಾಲಿ ಇದೆ ಎಂದು ನೋಡಿ, ಫೋನಿನಲ್ಲಿ ಎರಡಂಕಿಯ ಒಂದು ಗುಟ್ಟಿನ ಸಂಖ್ಯೆ ಹೇಳಬೇಕು. ಅವನ ಮುಂದೆ ಅಂಥ ಸಂಖ್ಯೆಗಳ ಅಚ್ಚಾದ ಹಾಳೆ ಇರುತ್ತದೆ, ಕೊಟ್ಟದ್ದನ್ನು ಹೊಡೆದುಹಾಕುತ್ತಾನೆ. ಈ ಕಡೆಯವನು ಅದನ್ನು ರಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾನೆ. ಸಂಖ್ಯೆ ಇಲ್ಲದೆ ಗಾಡಿ ಬಿಡುವಂತಿಲ್ಲ. ನಾನು ಖಾನಾಪುರದ ಕೋಣೆಯಲ್ಲಿ ಇದನ್ನೇ ಜಾರಿಗೆ ತಂದೆ. ಮೊದಲು ಪ್ರೋಗ್ರಾಮನ್ನು ನೋಟುಬುಕ್ಕಿನಲ್ಲಿ ಬರೆಯಬೇಕು. ನಾನು ಸಾಲುಸಾಲಾಗಿ ನೋಡಬೇಕು. ಸರಿ ಇದ್ದರೆ ನನ್ನ ಹಾಳೆಯಿಂದ ಒಂದು ಸಂಖ್ಯೆ ಕೊಡುತ್ತೇನೆ. ಅದನ್ನು ಬರೆದುಕೊಂಡ ಮೇಲೆ ಹಸಿರು ಗುಂಡಿ ಒತ್ತಬೇಕು. ಗೋಡೆಗೆ ನಿಯಮಗಳ ಹಲಗೆ ಹಾಕಿದೆ. ಕೊನೆಯ ನಿಯಮ ಇದು: ಕೆಂಪು ಬಂದರೆ ಕೈ ತೆಗೆಯಬೇಕು, ಎದ್ದು ನಿಲ್ಲಬೇಕು, ಏನನ್ನೂ ಮುಟ್ಟಬಾರದು. ಅಪಘಾತವಾದಲ್ಲಿ ಇನ್‌ಸ್ಪೆಕ್ಟರು ಬರುವವರೆಗೆ ಒಂದು ಕಲ್ಲನ್ನೂ ಸರಿಸಬಾರದು ಎಂದು ನನಗೆ ಕಲಿಸಿದ್ದರು. ಮೊದಮೊದಲು ಕೆಂಪು ಯಾರಿಗೂ ಬರುತ್ತಿರಲಿಲ್ಲವಾದ್ದರಿಂದ ಶನಿವಾರ ಅದರ ಕವಾಯತು ಮಾಡಿಸುತ್ತಿದ್ದೆ. ನಾನು ಚಪ್ಪಾಳೆ ತಟ್ಟಿ "ಕೆಂಪು" ಎನ್ನುವುದು, ಆರು ಮಂದಿ ಕೈ ಮೇಲೆತ್ತಿ ತಟ್ಟನೆ ಎದ್ದು ನಿಲ್ಲುವುದು. ಕೆಳಗೆ ಸಭಾಗೃಹದಲ್ಲಿ ಕುಳಿತ ಹಿರಿಯರು ಕುರ್ಚಿಗಳ ಸದ್ದು ಕೇಳಿ, ಮಾಸ್ತರರ ಗಾಡಿ ಬಂತು ಎಂದು ನಗುತ್ತಿದ್ದರಂತೆ.

ಆ ಆರು ಮಂದಿಯಲ್ಲಿ ಇಬ್ಬರ ಬಗ್ಗೆ ಹೇಳಬೇಕು.

ಶಹನಾಜ್ ಟೀಚರ್ ಖಾನಾಪುರದವರೇ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮನೆ. ಮನೆಯಲ್ಲಿ ದಖನಿ, ಅಂಗಡಿಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು. ಗಣಿತದಲ್ಲಿ ಬಿ.ಎಸ್‌ಸಿ. ಊರಿನ ಒಂದು ಖಾಸಗಿ ಪ್ರಾಥಮಿಕ ಶಾಲೆಯಲ್ಲಿ, ಬೆಳಗಿನ ಪಾಳಿಗೆ, ಒಂಬತ್ತು ವರ್ಷದಿಂದ ತಾತ್ಕಾಲಿಕ ಶಿಕ್ಷಕಿಯಾಗಿದ್ದರು. ಆ ವರ್ಷ ಆಡಳಿತ ಮಂಡಳಿ ಒಂದು ನೋಟೀಸು ಹಚ್ಚಿತ್ತು: ದೀಪಾವಳಿಯ ನಂತರ ಕಂಪ್ಯೂಟರ್ ಕಲಿಸಲು ಬರುವವರನ್ನು ಮಾತ್ರ ಇಟ್ಟುಕೊಳ್ಳುವುದು, ಗಣೇಶ ಚೌತಿಗೆ ಮೊದಲು ಬೆಳಗಾವಿಯ ತಮ್ಮ ದೊಡ್ಡ ಶಾಲೆಯಲ್ಲಿ ಯಂತ್ರದ ಮುಂದೆ ಕೂರಿಸಿ ಪರೀಕ್ಷೆ, ಅವಕಾಶ ಒಂದೇ ಸಲ. ನೋಟೀಸಿನ ಫೋಟೊ ತೋರಿಸಿ ಅವರು ಹೇಳಿದ್ದು ಇಷ್ಟೇ: "ಮೂರನೇ ಇಯತ್ತೆ ನಂದ್ರಿ. ಅದನ್ನ ಬಿಟ್ಟ ಕೊಡಾಕ ಮನಸ್ಸಿಲ್ಲ."

ಇನ್ನೊಬ್ಬ ಯಲ್ಲಪ್ಪ. ಹಲಸಿ ಕಡೆಯವನು. ಅಪ್ಪ ಈಗಲೂ ಕುರಿ ಕಾಯುತ್ತಾನೆ. ಇವನು ಹಾಲಿನ ಡೇರಿಯಲ್ಲಿ ಸಂಬಳದ ಕೆಲಸಗಾರ, ಬೆಳಗಿನ ಪಾಳಿ ಮುಗಿಸಿ ಬರುತ್ತಿದ್ದ. ಯಾವ ಊರಿನ ಹಾಲಿಗೆ ಎಷ್ಟು ನೀರು ಬೆರೆತಿದೆ ಎಂದು ಕಂಪ್ಯೂಟರಿನಿಂದಲೇ ಹೇಳಿಸಬೇಕು ಎಂಬುದು ಅವನ ಹಟ. ನೋಟುಬುಕ್ಕಿನಲ್ಲಿ ಬರೆಯುವುದೆಂದರೆ ಅವನಿಗೆ ಆಗುತ್ತಿರಲಿಲ್ಲ. ನಾನು ಬೇರೆಯವರ ಪುಟ ನೋಡುತ್ತಿರುವಾಗ ಸಂಖ್ಯೆ ಇಲ್ಲದೆ ಹಸಿರು ಗುಂಡಿ ಒತ್ತಿಬಿಡುತ್ತಿದ್ದ. ಆಮೆ ಪರದೆಯ ಅಂಚಿಗೆ ಹೋಗಿ ಬಡಿದು ನಿಲ್ಲುತ್ತಿತ್ತು. ಎರಡನೆಯ ಪುಟಕ್ಕೆ ಬಂದ ಮೇಲಂತೂ ಅವನ ಪರದೆ ಸದಾ ಕೆಂಪು. ಎದ್ದು ನಿಲ್ಲುವುದನ್ನೂ ಬಿಟ್ಟ. ಎರಡು ಸಲ ತಾಕೀತು ಮಾಡಿದೆ. ಮೂರನೆಯ ಸಲ ಕಳಿಸಿಬಿಡುವುದು ಎಂದು ನಿಯಮವಿತ್ತು.

ಜುಲೈ ಕೊನೆ. ಖಾನಾಪುರದ ಮಳೆ ಬೆಳಗಾವಿಯ ಮಳೆಯ ಹಾಗಲ್ಲ, ಹೊತ್ತು ನೋಡುವುದಿಲ್ಲ. ಮಲಪ್ರಭಾ ತುಂಬಿ ಸೇತುವೆಯ ಹತ್ತಿರಕ್ಕೆ ಬಂದಿತ್ತು. ಕೋಣೆಯ ಗೋಡೆ ಬೆವರುತ್ತಿತ್ತು. ಯಂತ್ರಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬೆಳಿಗ್ಗೆ ತೆಗೆದು ಹತ್ತು ನಿಮಿಷ ಬಿಸಿಯಾಗಲು ಬಿಡುತ್ತಿದ್ದೆ. ಆ ವಾಸನೆ ಏಳುತ್ತಿದ್ದದ್ದು ಆಗಲೇ. ಕರೆಂಟು ಹೋಗುತ್ತಿತ್ತು, ಬರುತ್ತಿತ್ತು. ಅಂಥ ಒಂದು ದಿನ ಯಲ್ಲಪ್ಪನನ್ನು ಕೆಂಪು ಪರದೆಯ ಮುಂದೆ ಕುಳಿತಿದ್ದಾಗ ಮೂರನೆಯ ಸಲ ಹಿಡಿದೆ. ರಜಿಸ್ಟರಿನಲ್ಲಿ ಅವನ ಹೆಸರಿಗೆ ಗೆರೆ ಎಳೆದು, ನಾಳೆಯಿಂದ ಬರಬೇಡ ಎಂದೆ. ಅವನು ಸಿಟ್ಟಾಗಲಿಲ್ಲ. ಕಂಬಳಿಕೊಪ್ಪೆ ಹಾಕಿಕೊಳ್ಳುತ್ತ ಕೇಳಿದ: "ಮಾಸ್ತರ್ರ, ಒಂದ ಮಾತ ಕೇಳಲ್ಯಾ? ಆಮಿ ಗ್ವಾಡಿಗಿ ಬಡದ್ರ ಯಾರರ ಸಾಯ್ತಾರೇನ್ರಿ?"

ಎಲ್ಲರೂ ನಕ್ಕರು. ಶಹನಾಜ್ ಟೀಚರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ನಗಲಿಲ್ಲ. "ಇವತ್ತ ಆಮಿ, ನಾಳೆ ಮತ್ತೇನೋ. ರೂಢಿ ಒಂದ ಸಲ ಕೆಟ್ಟರ ಕೆಟ್ಟಂಗ" ಎಂದೆ. ಅವನು ಮೆಟ್ಟಿಲಿಳಿದು ಹೋದ. ಉಳಿದ ಐವರ ನೋಟುಬುಕ್ಕು, ನನ್ನ ಸಂಖ್ಯೆಯ ಹಾಳೆ, ರಜಿಸ್ಟರು ಎಲ್ಲ ಒಂದಕ್ಕೊಂದು ತಾಳೆಯಾದವು. ಆಗಸ್ಟ್ ತಿಂಗಳಿಡೀ ನಮ್ಮ ಕೋಣೆಯಲ್ಲಿ ಒಂದೂ ಕೆಂಪು ಸಾಲು ಬರಲಿಲ್ಲ. ಗುಲಾಬಸಾಬರಿಗೆ ರಜಿಸ್ಟರು ತೋರಿಸಿದೆ. ಅವರು ಪುಟ ತಿರುವಿ, "ಒಂದೂ ತಪ್ಪಿಲ್ಲಲ್ರಿ" ಎಂದು ಆಶ್ಚರ್ಯಪಟ್ಟರು. ಆ ರಾತ್ರಿ ಕಮಲಾಳಿಗೂ ಅದನ್ನೇ ಹೇಳಿದೆ. ಅವಳು, "ತಪ್ಪಿಲ್ಲದ ಹಂಗ ಏನ್ ಕಲತ್ರು ಅವರು?" ಎಂದಳು. ಚಪಾತಿ ಲಟ್ಟಿಸುವವರಿಗೆ ಇದೆಲ್ಲ ತಿಳಿಯದು ಎಂದುಕೊಂಡೆ. ಎಂದುಕೊಂಡದ್ದನ್ನು ಮುಚ್ಚಿಡುವುದಿಲ್ಲ.

ಪರೀಕ್ಷೆಯ ಹಿಂದಿನ ದಿನ ಶಹನಾಜ್ ಟೀಚರ್ ಮಾದರಿ ಪ್ರಶ್ನೆ ಐದನ್ನೂ ಬಿಡಿಸಿದರು. ಐದಕ್ಕೂ ಸಂಖ್ಯೆ ಕೊಟ್ಟೆ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, ನಾಳೆ ಅಲ್ಲಿ ಸಂಖ್ಯೆ ಯಾರು ಕೊಡುತ್ತಾರೆ ಎಂದು ಕೇಳಿದರು. ತಮಾಷೆಗೆ ಕೇಳಿದರೋ ಖರೇ ಕೇಳಿದರೋ ನನಗೆ ಇಂದಿಗೂ ತಿಳಿದಿಲ್ಲ. ನಾಳೆ ನೀವೇ ಮಾಸ್ತರು, ನೀವೇ ಕೊಟ್ಟುಕೊಳ್ಳಿ ಎಂದು ನಾನೂ ನಗುತ್ತ ಹೇಳಿದೆ.

ಪರೀಕ್ಷೆಯ ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಒಂಬತ್ತೂ ಐವತ್ತರಿಂದ ನಾನು ಕಿಟಕಿಗೂ ಬಾಗಿಲಿಗೂ ಓಡಾಡಿದೆ. ಒಬ್ಬರ ಪುಟ ನೋಡುತ್ತ ಸಂಖ್ಯೆ ಕೊಡಲು ಮರೆತೆ. ನನ್ನ ಬದುಕಿನಲ್ಲಿ ಅದೇ ಮೊದಲು. ಮೂರನೆಯ ದಿನ ಮಧ್ಯಾಹ್ನ ಕೋಣೆಗೆ ಬೀಗ ಹಾಕಿ, ಮಳೆಯಲ್ಲೇ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಗೆ ಹೋದೆ. ಅವರ ಯಜಮಾನರು ಗ್ಯಾರೇಜಿಗೆ ಹೋಗಿದ್ದರು. ಅತ್ತೆ ಕುರ್ಚಿ ಹಾಕಿ, ಟವೆಲ್ ತಂದುಕೊಟ್ಟರು. ಶಹನಾಜ್ ಟೀಚರ್ ಚಹಾ ತಂದು ಎದುರಿನ ಮಂಚದ ಅಂಚಿಗೆ ಕುಳಿತರು. ಮೂರನೇ ಇಯತ್ತೆಯ ಮಕ್ಕಳ ನೋಟುಬುಕ್ಕುಗಳ ಗಂಟು ಮೂಲೆಯಲ್ಲಿತ್ತು. ಅದನ್ನು ಶಾಲೆಗೆ ಮರಳಿ ಕೊಡಬೇಕಂತೆ.

ಆದದ್ದನ್ನು ಅವರು ನಿಧಾನವಾಗಿ, ಪಾಠ ಹೇಳುವ ಹಾಗೆ ಹೇಳಿದರು. ಪ್ರಶ್ನೆ ಸುಲಭವಿತ್ತು. ಕಾಗದದ ಮೇಲೆ ಬರೆದು, ಎರಡು ಸಲ ತಾಳೆ ನೋಡಿ, ಯಂತ್ರದಲ್ಲಿ ಬರೆದರು. ಹಸಿರು ಗುಂಡಿ ಒತ್ತಿದರು. ಐದನೆಯ ಸಾಲು ಕೆಂಪಾಯಿತು.

"ಕೈ ತಗದೆ. ಎದ್ದ ನಿಂತೆ" ಎಂದರು. "ಒಬ್ಬ ಹುಡುಗಿ ಪರೀಕ್ಷಾ ನೋಡಾಕ ಇದ್ಲು. ಎದ್ದ ನಿಂತಾವ್ರದು ಮುಗದಂಗ ಅಲ್ಲೇನ್ರಿ? ಆಕಿ ಬಂದು ಮುಗೀತೇನ್ರಿ ಮೇಡಮ್ ಅಂದ್ಲು. ಕೆಂಪು ಬಂದೈತಿ ಅಂದೆ. ಹಂಗಾರ ಇರ್ಲಿ ಬಿಡ್ರಿ ಅಂತ ಪರದೆ ಬಂದ್ ಮಾಡಿದ್ಲು. ಇನ್ನ ನಲವತ್ತ ಮಿನಿಟ ಇತ್ರಿ ಸರ್ರ."

ನಾನು ಚಹಾದ ಕಪ್ಪು ಕೆಳಗಿಟ್ಟೆ. ಕೆಳಗೆ ಸಣ್ಣ ಅಕ್ಷರದಲ್ಲಿ ಏನು ಬಂದಿತ್ತು ಎಂದು ಕೇಳಿದೆ. ಅದನ್ನು ಅವರು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು, ಬರೆದ ಸಾಲುಗಳನ್ನು ನೆನೆದಾಗ ಊಹಿಸಿದ್ದರು. ಐದನೆಯ ಸಾಲು ನಾಲ್ಕನೆಯದಕ್ಕಿಂತ ಸ್ವಲ್ಪ ಒಳಗೆ ಸರಿಯಬೇಕು ಎಂದಿರಬೇಕು. ಒಂದು ಕೀಲಿ ಒಂದು ಸಲ ಒತ್ತಿದರೆ ಮುಗಿಯುತ್ತಿತ್ತು.

"ಎಲ್ಲಿ ತಪ್ಪೈತಿ ಅಂತ ಅದ ಹೇಳಿತ್ರಿ" ಎಂದರು. "ನಾ ಓದಲಿಲ್ಲ. ಎದ್ದ ನಿಂತಾವ್ರಿಗಿ ಸಣ್ಣ ಅಕ್ಷರ ಕಾಣೂದಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಆಡಳಿತ ಮಂಡಳಿಗೆ ನಾನೇ ಒಂದು ಪತ್ರ ಬರೆಯುತ್ತೇನೆ, ತಪ್ಪು ನನ್ನದು ಎನ್ನುತ್ತೇನೆ ಎಂದೆ. ಬರೆದೆ ಕೂಡ, ಎರಡು ಪತ್ರ, ಸ್ವತಃ ಹೋಗಿ ಒಂದು ಭೇಟಿ. ಅವಕಾಶ ಒಂದೇ ಸಲ ಎಂಬುದು ಅವರ ನಿಯಮ. ನಿಯಮ ನಿಯಮವೇ ಎಂದು ಅಲ್ಲಿಯ ಗುಮಾಸ್ತರು ಹೇಳಿದಾಗ ನನ್ನದೇ ದನಿ ಕೇಳಿದಂತಾಯಿತು. ದೀಪಾವಳಿಯ ನಂತರ ಮೂರನೇ ಇಯತ್ತೆಗೆ ಬೇರೆಯವರು ಬಂದರು. ಆ ಕೆಲಸ ಶಹನಾಜ್ ಟೀಚರಿಗೆ ಮತ್ತೆ ಸಿಗಲಿಲ್ಲ. ಅದನ್ನು ಸಿಹಿ ಮಾಡಿ ಹೇಳುವ ಅಧಿಕಾರ ನನಗಿಲ್ಲ.

ಅವರ ಮನೆಯಿಂದ ಹೊರಬಿದ್ದ ದಿನ ನಾನು ಬೆಳಗಾವಿಯ ಬಸ್ಸು ಹತ್ತಲಿಲ್ಲ. ಹಲಸಿಯ ಬಸ್ಸು ಎದುರಿಗೆ ನಿಂತಿತ್ತು, ಹತ್ತಿದೆ. ಯಾಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಅಲ್ಲಿಯ ಹಳೆಯ ಗುಡಿಯ ಪೌಳಿಯಲ್ಲಿ ಮಳೆಗೆ ನಿಂತಿದ್ದ ನಾಲ್ಕು ಜನರನ್ನು ಕೇಳಿ ಯಲ್ಲಪ್ಪನ ಮನೆ ಹುಡುಕಿದೆ. ಅವನು ಕುರಿದೊಡ್ಡಿಯ ಸೂರು ಕಟ್ಟುತ್ತಿದ್ದ. ನನ್ನನ್ನು ಕಂಡು ಗಾಬರಿಯಾಗಿ, ಯಾರು ಹೋದ್ರು ಎಂದು ಕೇಳಿದ. ಯಾರೂ ಹೋಗಿಲ್ಲ, ನಾಳೆ ಕೋಣೆಗೆ ಬಾ ಎಂದೆ.

ಮರುದಿನ ಕೋಣೆಯಲ್ಲಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಂತ್ರದ ಮುಂದೆ ನಾನು ಕುಳಿತೆ. ತಪ್ಪು ಮಾಡುವುದನ್ನು ಕಲಿಸು ಎಂದೆ. ಅವನು ಮೊದಲು ನಾನು ಹಂಗಿಸುತ್ತಿದ್ದೇನೆ ಎಂದುಕೊಂಡ. ಆಮೇಲೆ ಅರ್ಧ ಪ್ರೋಗ್ರಾಮ್ ಬರೆಯಲು ಹೇಳಿದ. ಬರೆದೆ. ಈಗ ಹಸಿರು ಒತ್ತಿರಿ ಎಂದ. ಬೆರಳು ಗುಂಡಿಯ ಮೇಲೆ ನಿಂತಿತು, ಇಳಿಯಲಿಲ್ಲ. ಮೂವತ್ತಾರು ವರ್ಷ ಆ ಬೆರಳಿಗೆ ಇಳಿಯಬೇಡ ಎಂದು ಕಲಿಸಿದ್ದೇ ನಾನು. ಮೂರನೆಯ ಸಲಕ್ಕೆ ಒತ್ತಿದೆ. ಪರದೆ ಕೆಂಪಾಯಿತು. ನೋಡುತ್ತೇನೆ, ನಾನು ಎದ್ದು ನಿಂತಿದ್ದೆ. ಕೈ ಮೇಲಿತ್ತು. ಉಳಿದವರು ತಲೆ ತಗ್ಗಿಸಿದರು. ಯಲ್ಲಪ್ಪ ನಗಲಿಲ್ಲ, ಬಗ್ಗಿ, ಬೆರಳಿಟ್ಟು, ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದತೊಡಗಿದ. ಅರ್ಧಕ್ಕೆ ನಿಂತ. "ಮುಂದಿಂದು ನನಗೂ ತಿಳಿಯಂಗಿಲ್ರಿ. ಅಲ್ಲೀತನಕ ತಿಳದ್ರ ಸಾಕು, ಬಾಕಿ ಒತ್ತಿ ಒತ್ತಿ ನೋಡ್ತೀನಿ" ಎಂದ.

ಅವತ್ತು ಹಲಗೆ ಇಳಿಸಿದೆ. ಸಂಖ್ಯೆಯ ಹಾಳೆ ಹರಿದುಹಾಕಲು ಮನಸ್ಸು ಬರಲಿಲ್ಲ. ರಜಿಸ್ಟರಿನ ಕೊನೆಯ ಪುಟಕ್ಕೆ ಅಂಟಿಸಿಟ್ಟೆ. ಹೊಸ ಪುಟದಲ್ಲಿ ಬೇರೆ ಕಾಲಮು ಎಳೆದೆ: ಇವತ್ತು ಯಾರಿಗೆ ಎಷ್ಟು ಕೆಂಪು, ಏನು ಕಾರಣ. ಕಾರಣದ ಕಾಲಮು ಖಾಲಿಯೇ ಉಳಿಯುತ್ತಿತ್ತು. ಆ ಸಣ್ಣ ಇಂಗ್ಲಿಷನ್ನು ಸರಿಯಾಗಿ ಓದಿ ಬಿಡಿಸಿ ಹೇಳುವವರು ನಮ್ಮಲ್ಲಿ ಇದ್ದದ್ದು ಒಬ್ಬರೇ.

ಹತ್ತು ದಿನ ತಡೆದೆ. ಎಲ್ಲಿಯೂ ನಿಲ್ಲಲಾಗದೆ ಮನೆಯಲ್ಲಿ ಗಡಿಯಾರಗಳಿಗೆಲ್ಲ ಕೀಲಿ ಕೊಟ್ಟೆ, ನಡೆಯದ ಗಡಿಯಾರಕ್ಕೂ ಕೊಟ್ಟೆ. ಕೊನೆಗೆ ರಜಿಸ್ಟರು ಕಂಕುಳಲ್ಲಿಟ್ಟುಕೊಂಡು ಮತ್ತೆ ಆ ಓಣಿಗೆ ಹೋದೆ. ಕ್ಷಮೆ ಕೇಳುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ರಜಿಸ್ಟರು ಬಿಚ್ಚಿ ಖಾಲಿ ಕಾಲಮು ತೋರಿಸಿದೆ.

"ಕೆಂಪು ಬರಾಕತ್ತೈತ್ರಿ ಟೀಚರ್ರ, ದಿನಾ ಬರಾಕತ್ತೈತಿ. ಓದಾಕ ಬರವಲ್ದು. ನಮಗ ಕಲಸ್ರಿ" ಎಂದೆ.

ಅವರು ಪುಟ ನೋಡಿದರು. ಮೊದಲ ಹೆಸರು ನನ್ನದೇ, ಅದರ ಮುಂದೆ ಹದಿನಾಲ್ಕು. ಅದರ ಮೇಲೆ ಬೆರಳಿಟ್ಟರು. ಒಳಗಿನಿಂದ ಅತ್ತೆ ದಖನಿಯಲ್ಲಿ ಏನೋ ಕೇಳಿದರು. ಇವರು "ಜಾತೂಂ ಅಮ್ಮಾ", ಹೋಗುತ್ತೇನೆ, ಎಂದರು. ನನ್ನ ಕಡೆ ತಿರುಗಿ, "ನಾಳೆ ಬರ್ತೀನ್ರಿ. ಆದ್ರ ನಿಮ್ಮ ನಂಬರ ತಗೊಳ್ಳೂದಿಲ್ಲ" ಎಂದರು. ಸರಿ ಎಂದೆ. "ಮತ್ತ ಹನ್ನೊಂದಕ್ಕ ಬರ್ತೀನಿ, ಹತ್ತಕ್ಕಲ್ಲ." ಅದಕ್ಕೂ ಸರಿ ಎಂದೆ. ಅದು ಮಾತ್ರ ಬಹಳ ಕಷ್ಟವಾಯಿತು.

ಆ ಮಳೆಗಾಲ ಮುಗಿದ ಮೇಲೆ ನಾನು ಖಾನಾಪುರಕ್ಕೆ ಹೋಗುವುದು ಕಡಿಮೆಯಾಯಿತು. ಮೊಣಕಾಲು ಹಿಡಿಯುತ್ತಿತ್ತು ಎನ್ನಬಹುದು. ಅವರು ಕಲಿಸುವಾಗ ನಾನು ಹಿಂದೆ ನಿಂತು ಗಡಿಯಾರ ನೋಡುವುದು ಯಾರಿಗೂ ಬೇಕಾಗಿರಲಿಲ್ಲ ಎಂಬುದೂ ನಿಜ. ಕೀಲಿಕೈ ಅವರಿಗೆ ಕೊಟ್ಟು ಬಂದೆ.

ಹೋದ ತಿಂಗಳು ಆ ದಿನ ಬಸ್ಸು ಇಪ್ಪತ್ತು ನಿಮಿಷ ತಡ; ಇಳಿದಾಗ ಹತ್ತೂ ಐದು. ಸಭಾಗೃಹದ ಮೆಟ್ಟಿಲು ಹತ್ತುವಾಗಲೇ ಬೆಚ್ಚಗಿನ ಧೂಳಿನ ವಾಸನೆ ಬಂತು. ಬಾಗಿಲು ತೆರೆದಿತ್ತು; ತರಗತಿ ಮತ್ತೆ ಹತ್ತಕ್ಕೇ ಶುರುವಾಗುತ್ತಿತ್ತು. ಈಗ ಯಂತ್ರಗಳು ಒಂಬತ್ತು. ಶಹನಾಜ್ ಟೀಚರ್ ನನಗೆ ಬೆನ್ನು ಮಾಡಿ, ಕರಿಹಲಗೆಯ ಮೇಲೆ ಏನೋ ಬರೆಯುತ್ತಿದ್ದರು. ಒಂಬತ್ತು ಪರದೆಗಳಲ್ಲಿ ನಾಲ್ಕು ಕೆಂಪಿದ್ದವು; ಎಣಿಸದೆ ಇರಲು ನನಗೆ ಬರುವುದಿಲ್ಲ. ಯಾರೂ ಗಾಬರಿಯಾಗಿರಲಿಲ್ಲ. ಮಾತು, ಗುನುಗು, ಯಾರೋ ಯಾರಿಗೋ ಮರಾಠಿಯಲ್ಲಿ ಬೈಯುತ್ತ ಕೀಲಿ ತೋರಿಸುತ್ತಿದ್ದರು. ಕಿಟಕಿಯ ಪಕ್ಕದ ಯಂತ್ರದ ಮುಂದೆ ನನ್ನದೇ ವಯಸ್ಸಿನ, ಟೋಪಿ ಹಾಕಿದ ಒಬ್ಬ ಹೊಸ ಗೃಹಸ್ಥರು ಕುಳಿತಿದ್ದರು. ನಾನು ನೋಡುತ್ತಿದ್ದಂತೆ ಅವರ ಪರದೆಯೂ ಕೆಂಪಾಯಿತು. ಅವರು ಬೆಂಕಿ ಮುಟ್ಟಿದವರ ಹಾಗೆ ಕೈ ಹಿಂದಕ್ಕೆಳೆದು ಎದ್ದು ನಿಂತರು. ಕುರ್ಚಿ ಕಿರ್ರೆಂದಿತು. ನಾನು ಬಾಗಿಲಲ್ಲಿ, ಅವರು ಕಿಟಕಿಯಲ್ಲಿ, ಕೋಣೆಯಲ್ಲಿ ನಿಂತವರು ನಾವಿಬ್ಬರೇ.

ಶಹನಾಜ್ ಟೀಚರ್ ತಿರುಗಿ ನೋಡಲಿಲ್ಲ. ಬರೆಯುವುದನ್ನೂ ನಿಲ್ಲಿಸಲಿಲ್ಲ. ಕುರ್ಚಿಯ ಸದ್ದಿಗೇ ಹೇಳಿದರು:

"ಕುಂದರ್ರಿ. ಏನ್ ಬರದೈತಿ ಓದ್ರಿ."

ಅವರು ಕುಳಿತರು. ಬಾಗಿಲ ಬಳಿ ಒಂದು ಸ್ಟೂಲಿತ್ತು. ನಾನೂ ಕುಳಿತೆ.